ಸೈಡ್‌ಕಾರ್ ಬರೀ ಫೋಟೊಗಲ್ಲ

‘ಶೋಲೆ’ಗೆ 2025ರ ಆಗಸ್ಟ್ 15ಕ್ಕೆ 50 ವರ್ಷ ತುಂಬಿತು. ಅದೇ ವರ್ಷದ ನವೆಂಬರ್‌ನಲ್ಲಿ ಗೋವಾದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಆ ಸಿನಿಮಾದ ಬೈಕನ್ನು ತಂದು ನಿಲ್ಲಿಸಿದ್ದರು. 1942ರ ಬಿಎಸ್‌ಎ ಡಬ್ಲ್ಯೂಎಂ20, ಎಡಕ್ಕೆ ಸೈಡ್‌ಕಾರ್, ನಂಬರ್ ಎಂವೈಬಿ 3047. ‘ಎಂವೈ’ ಅಂದರೆ ಮೈಸೂರು ರಾಜ್ಯ. ಈಗ ಅದು ಬೆಂಗಳೂರಿನ ಸಂಗ್ರಾಹಕರೊಬ್ಬರ ಬಳಿ ಇದೆ. ಉತ್ಸವ ನಡೆಯುತ್ತಿರುವಾಗಲೇ, 24ನೇ ತಾರೀಖು ಧರ್ಮೇಂದ್ರ ತೀರಿಕೊಂಡರು. ಆಮೇಲೆ ಒಂದು ವಾರ ನಮ್ಮ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಬೇರೆ ಮಾತೇ ಇಲ್ಲ. ರಾಮದೇವರ ಬೆಟ್ಟದ ಬುಡದಲ್ಲಿ ರಾಮಗಢದ ಸೆಟ್ ಹಾಕಿದ್ದು, ಯಾರ ತಾತ ಆ ಗುಂಪಿನಲ್ಲಿ ನಿಂತಿದ್ದು, ಯಾರ ಮನೆಯ ಕುದುರೆ ಹೋಗಿದ್ದು, ಎಲ್ಲ ಹೊರಬಂತು. ನಾನು ಕೇಳಿದ ಲೆಕ್ಕದಲ್ಲಿ ರಾಮನಗರ, ಚನ್ನಪಟ್ಟಣದ ಅರ್ಧ ಜನ ಗಬ್ಬರ್ ಸಿಂಗ್‌ನ ಜೊತೆ ಟೀ ಕುಡಿದವರೇ!

ಇರಲಿ, ಆ ಹೆಮ್ಮೆ ನಮಗೆ ಸಲ್ಲಬೇಕಾದದ್ದೇ. ನನ್ನ ತಕರಾರು ಬೈಕಿನ ಎಡಗಡೆಯದು. ಆ ಮೂರನೇ ಚಕ್ರವನ್ನು, ಅದರ ಮೇಲಿನ ತೊಟ್ಟಿಲನ್ನು ನಾವು ಬರೀ ಸಿನಿಮಾ ಸಾಮಾನು ಮಾಡಿಬಿಟ್ಟಿದ್ದೇವೆ. ಮದುವೆಗೆ ಮುಂಚಿನ ಫೋಟೊ ಶೂಟ್‌ಗೆ, ರೆಸಾರ್ಟಿನ ಬಾಗಿಲಲ್ಲಿ ನಿಲ್ಲಿಸೋದಕ್ಕೆ, ಶ್ರೀಮಂತರ ಶೆಡ್ಡಿಗೆ ಅಂತ ಬಿಟ್ಟುಕೊಟ್ಟಿದ್ದೇವೆ. ಸೈಡ್‌ಕಾರ್ ಹುಟ್ಟಿದ್ದು ಅದಕ್ಕಲ್ಲ. ಕಾರು ಕೊಳ್ಳಲಾಗದ ಸಂಸಾರಕ್ಕೆ ಹುಟ್ಟಿದ ಗಾಡಿ ಅದು. ಅಂಥ ಸಂಸಾರಗಳು ನಮ್ಮ ತಾಲ್ಲೂಕಿನಲ್ಲಿ ಈಗಲೂ ಇವೆ, ಗಾಡಿ ಮಾತ್ರ ಇಲ್ಲ.

ನಂಬಿಕೆ ಬಾರದಿದ್ದರೆ ಯಾವುದಾದರೂ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಚನ್ನಪಟ್ಟಣದ ಯಾವುದೇ ಆಸ್ಪತ್ರೆಯ ಗೇಟಿನ ಮುಂದೆ ನಿಂತು ನೋಡಿ. ಮುಂದೆ ಮಗ, ಹಿಂದೆ ಸೊಸೆ, ನಡುವೆ ಕಾಲು ಇಳಿಬಿಟ್ಟು ಕುಳಿತ ಅಜ್ಜಿ. ಅಜ್ಜಿಗೆ ಫುಟ್‌ರೆಸ್ಟ್ ಇಲ್ಲ, ಹಿಡಿದುಕೊಳ್ಳಲು ಏನೂ ಇಲ್ಲ, ಮಗನ ಹೆಗಲೇ ಗತಿ. ನಮ್ಮ ದೊಡ್ಡಮ್ಮನಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಸ್ವಾಧೀನ ತಪ್ಪಿದ ಮೇಲೆ ಎರಡು ವರ್ಷ ಅವಳನ್ನು ಕರೆದುಕೊಂಡು ಹೋಗಿದ್ದು ಹೀಗೇ. ಬೀಳದೆ ಇರಲಿ ಅಂತ ದೊಡ್ಡಪ್ಪ ಟವೆಲ್ ಹಾಕಿ ಅವಳನ್ನು ತನ್ನ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ. ಆಟೊ ಇಲ್ಲವೇ ಅಂತ ಕೇಳಬಹುದು. ಇದೆ. ನಮ್ಮೂರಿಂದ ಹೋಗಿ, ಡಾಕ್ಟರಿಗೆ ಕಾದು, ವಾಪಸ್ ಬರಲು ಆಟೊ ಗೊತ್ತು ಮಾಡಿಕೊಂಡರೆ ಒಬ್ಬರ ಒಂದು ದಿನದ ಕೂಲಿ ಅಲ್ಲಿಗೆ ಮುಗಿಯಿತು. ವಾರಕ್ಕೆ ಎರಡು ಸಲ ಫಿಸಿಯೊಥೆರಪಿ ಅಂದರೆ ಲೆಕ್ಕ ನೀವೇ ಹಾಕಿ. ಮನೆಯಲ್ಲಿ ಬೈಕ್ ಅಂತೂ ಇದ್ದೇ ಇದೆ. ಅದರ ಪಕ್ಕಕ್ಕೆ ಒಂದು ಕುರ್ಚಿ ಇದ್ದಿದ್ದರೆ?

ಈ ‘ಒಂದು ಕುರ್ಚಿ ಇದ್ದಿದ್ದರೆ’ ಅನ್ನುವುದನ್ನೇ 1930ರ ದಶಕದ ಇಂಗ್ಲೆಂಡಿನ ಕಾರ್ಖಾನೆಗಳು ಗಂಭೀರವಾಗಿ ತೆಗೆದುಕೊಂಡಿದ್ದವು. ಬಿಎಸ್‌ಎ ಕಂಪನಿ ಎಂ20 ಮಾಡೆಲ್ಲನ್ನು 1937ರಲ್ಲಿ ಹೊರತಂದಾಗ ಅದು ರೇಸಿನ ಬೈಕ್ ಆಗಿರಲಿಲ್ಲ. ಸೈಡ್‌ಕಾರ್ ಎಳೆಯುವಂಥ ಗಟ್ಟಿ ಎತ್ತು ಅಂತಲೇ ಅದನ್ನು ಕಟ್ಟಿದ್ದರು. ಎರಡನೇ ಮಹಾಯುದ್ಧ ಶುರುವಾದಾಗ ಸೈನ್ಯ ಅದನ್ನೇ ಆರಿಸಿಕೊಂಡಿತು. ಹೆಸರಿನ ಮುಂದೆ ‘ಡಬ್ಲ್ಯೂ’ ಸೇರಿ ಡಬ್ಲ್ಯೂಎಂ20 ಆಯಿತು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1 ಲಕ್ಷ 26 ಸಾವಿರ ಗಾಡಿಗಳು ತಯಾರಾಗಿದ್ದವು. ಅದರಲ್ಲಿ ಒಂದಷ್ಟು ಭಾರತಕ್ಕೆ ಬಂದವು, ಯುದ್ಧ ಮುಗಿದ ಮೇಲೆ ಇಲ್ಲೇ ಉಳಿದು ಜನರ ಕೈ ಸೇರಿದವು. ಹಳಬರು ಅವನ್ನು ‘ಡಿಸ್ಪೋಸಲ್ ಗಾಡಿ’ ಅನ್ನುತ್ತಿದ್ದರು.

ಅದರ ಇಂಜಿನ್ ನೋಡಿ. ಒಂದೇ ಸಿಲಿಂಡರ್, 496 ಸಿಸಿ. ವಾಲ್ವ್‌ಗಳು ಈಗಿನ ಹಾಗೆ ಸಿಲಿಂಡರ್ ತಲೆಯ ಮೇಲಿಲ್ಲ, ಪಕ್ಕದಲ್ಲಿ ನಿಂತಿವೆ. ಇದನ್ನು ಸೈಡ್‌ವಾಲ್ವ್ ಅನ್ನುತ್ತಾರೆ. ಪಿಸ್ಟನ್ ಓಡಾಟ 94 ಮಿಲಿಮೀಟರ್, ಸಿಲಿಂಡರಿನ ಅಗಲ 82. ಅಂದರೆ ಅಗಲಕ್ಕಿಂತ ಉದ್ದ ಹೆಚ್ಚು. ಹೀಗಿರುವ ಇಂಜಿನ್ ಜೋರಾಗಿ ತಿರುಗಲಾರದು, ಆದರೆ ನಿಧಾನದಲ್ಲೇ ಎಳೆತ ಕೊಡುತ್ತದೆ. ಕಂಪ್ರೆಷನ್ ತೀರಾ ಕಡಿಮೆ, ಐದಕ್ಕೆ ಒಂದರ ಆಸುಪಾಸು. ಆದ್ದರಿಂದ ಕೆಟ್ಟ ಪೆಟ್ರೋಲ್ ಹಾಕಿದರೂ ಗೊಣಗುವುದಿಲ್ಲ. ಗೇರ್ ನಾಲ್ಕು. ಮುಂದೆ ಗರ್ಡರ್ ಫೋರ್ಕ್, ಹಿಂದೆ ಸಸ್ಪೆನ್ಷನ್ ಅನ್ನುವುದೇ ಇಲ್ಲ. ಸೀಟಿನ ಕೆಳಗಿನ ಎರಡು ಸ್ಪ್ರಿಂಗೇ ಸವಾರನ ಬೆನ್ನಿಗೆ ಕಾವಲು. ಬೈಕಿನ ತೂಕವೇ ಸುಮಾರು 167 ಕೆ.ಜಿ. ಇಷ್ಟೆಲ್ಲ ಸೇರಿ ಶಕ್ತಿ ಎಷ್ಟು? 13 ಅಶ್ವಶಕ್ತಿ!

ಈ ಅಂಕಿಯನ್ನು ನೆನಪಿಡಿ. ಈಗ ನಮ್ಮ ಹಳ್ಳಿಗಳಲ್ಲಿ ಮನೆಗೊಂದು ಇರುವ 100 ಸಿಸಿ ಬೈಕಿಗೆ ಸುಮಾರು 8 ಅಶ್ವಶಕ್ತಿ ಇದೆ. ಈಗಿನ 350 ಸಿಸಿ ಬುಲೆಟ್‌ಗೆ 20. ಅಂದರೆ ಜೈ–ವೀರು ಇಬ್ಬರನ್ನೂ ಹೊತ್ತ ಆ ಗಾಡಿಗಿಂತ ಇವತ್ತಿನ ಮಾಮೂಲಿ ಬುಲೆಟ್ ಬಲಶಾಲಿ. ಆಗುವುದಿಲ್ಲ ಅನ್ನುವವರು ಮೊದಲು ಹೇಳುವ ಮಾತು, ಈಗಿನ ಬೈಕುಗಳಿಗೆ ಅಷ್ಟು ತಾಕತ್ತಿಲ್ಲ ಅಂತ. ತಾಕತ್ತಿನ ಪ್ರಶ್ನೆ ಅಲ್ಲವೇ ಅಲ್ಲ. ಅದು ಗೇರಿನ ಪ್ರಶ್ನೆ. ಆ ಕಾಲದಲ್ಲಿ ಸೈಡ್‌ಕಾರ್ ಕಟ್ಟುವಾಗ ಇಂಜಿನ್ ಕಡೆಯ ಚೈನ್ ಸ್ಪ್ರಾಕೆಟ್ ಬಿಚ್ಚಿ, ಹಲ್ಲು ಕಡಿಮೆ ಇರುವುದನ್ನು ಹಾಕುತ್ತಿದ್ದರು. ಓಟ ಕಡಿಮೆಯಾಗುತ್ತದೆ, ಎಳೆತ ಹೆಚ್ಚುತ್ತದೆ. ನಮ್ಮ ಯಾವ ಮೆಕ್ಯಾನಿಕ್ ಬೇಕಾದರೂ ಒಂದು ಗಂಟೆಯಲ್ಲಿ ಮಾಡುವ ಕೆಲಸ.

ಕಷ್ಟ ಇರುವುದು ಬೇರೆ ಕಡೆ. ನಮ್ಮೂರ ಆಲೆ ಮರದ ಬೊಂಬೆ ಲೇತಿನಲ್ಲಿ ತಿರುಗಿ ಹುಟ್ಟುವುದರಿಂದ ಎಡಕ್ಕೂ ಬಲಕ್ಕೂ ಒಂದೇ ಅಳತೆ. ಸೈಡ್‌ಕಾರ್ ಗಾಡಿಗೆ ಆ ಭಾಗ್ಯ ಇಲ್ಲ. ಒಂದು ಕಡೆ ಇಂಜಿನ್ನು, ಸವಾರ, ಎಳೆಯುವ ಚಕ್ರ. ಇನ್ನೊಂದು ಕಡೆ ಸುಮ್ಮನೆ ಉರುಳುವ ಒಂದು ಚಕ್ರ ಮತ್ತು ಕೂತವರ ತೂಕ. ಎಕ್ಸಿಲೇಟರ್ ತಿರುಗಿಸಿದರೆ ಬೈಕ್ ಮುಂದಕ್ಕೆ ಹಾರುತ್ತದೆ, ತೊಟ್ಟಿಲು ಹಿಂದುಳಿಯುತ್ತದೆ, ಗಾಡಿ ಎಡಕ್ಕೆ ಎಳೆಯುತ್ತದೆ. ಬ್ರೇಕ್ ಹಿಡಿದರೆ ಬೈಕ್ ನಿಲ್ಲುತ್ತದೆ, ತೊಟ್ಟಿಲು ಮುಂದಕ್ಕೆ ನುಗ್ಗುತ್ತದೆ, ಗಾಡಿ ಬಲಕ್ಕೆ ಎಳೆಯುತ್ತದೆ. ಸಂಸಾರದಲ್ಲೂ ಹೀಗೇ ಅಲ್ಲವೇ ಅಂತ ನೀವು ನಗಬಹುದು, ಆದರೆ ಈ ಎಳೆದಾಟವನ್ನು ಅಳತೆಯಿಂದ ಸರಿದೂಗಿಸುವುದೇ ಸೈಡ್‌ಕಾರಿನ ಇಡೀ ವಿದ್ಯೆ.

ಆ ವಿದ್ಯೆಯಲ್ಲಿ ಮೂರು ಅಳತೆ ಮುಖ್ಯ. ಮೊದಲನೆಯದು, ಮೂರನೇ ಚಕ್ರ ಎಲ್ಲಿರಬೇಕು ಅನ್ನುವುದು. ಬೈಕಿನ ಹಿಂದಿನ ಚಕ್ರದ ನೇರಕ್ಕೆ ಇಟ್ಟರೆ ಕೆಲಸ ಕೆಟ್ಟಿತು. ಅದು ಆರರಿಂದ ಹತ್ತು ಇಂಚು ಮುಂದೆ ಇರಬೇಕು. ಇದಕ್ಕೆ ಲೀಡ್ ಅನ್ನುತ್ತಾರೆ. ಇದು ಕಡಿಮೆಯಾದರೆ ಬಲಕ್ಕೆ ಜೋರಾಗಿ ತಿರುಗಿದಾಗ ತೊಟ್ಟಿಲಿನ ಮೂತಿ ನೆಲಕ್ಕೆ ಕುಕ್ಕುತ್ತದೆ, ಬೈಕಿನ ಹಿಂದಿನ ಚಕ್ರ ಮೇಲೇಳುತ್ತದೆ. ಹೆಚ್ಚಾದರೆ ಹ್ಯಾಂಡಲ್ ಗಟ್ಟಿಯಾಗುತ್ತದೆ, ಟೈರ್ ಉಜ್ಜಿ ಹಾಳಾಗುತ್ತದೆ. ಎರಡನೆಯದು ಟೋ-ಇನ್. ಮೂರನೇ ಚಕ್ರ ಬೈಕಿಗೆ ಸಮಾನಾಂತರವಾಗಿ ಇರಬಾರದು, ಅದರ ಮುಂಭಾಗ ಅರ್ಧ ಮುಕ್ಕಾಲು ಇಂಚಿನಷ್ಟು ಬೈಕಿನ ಕಡೆಗೆ ವಾಲಿರಬೇಕು. ಎಡಕ್ಕೆ ಎಳೆಯುವ ಚಾಳಿಯನ್ನು ಇದು ತಡೆಯುತ್ತದೆ. ಮೂರನೆಯದು ಲೀನ್-ಔಟ್. ಬೈಕ್ ತಾನೇ ತೊಟ್ಟಿಲಿನಿಂದ ಆಚೆಗೆ, ಅಂದರೆ ಬಲಕ್ಕೆ, ಒಂದೆರಡು ಡಿಗ್ರಿ ವಾಲಿ ನಿಂತಿರಬೇಕು. ನಮ್ಮ ರಸ್ತೆಗಳು ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತವಲ್ಲ, ಅದರ ಮೇಲೆ ಜನ ಕೂತಾಗ ಗಾಡಿ ನೆಟ್ಟಗೆ ನಿಲ್ಲುವುದು ಈ ವಾಲುವಿಕೆಯಿಂದ.

ಇದನ್ನೆಲ್ಲ ಅಳೆಯುವುದಕ್ಕೆ ಕಂಪ್ಯೂಟರ್ ಬೇಡ. ಎರಡು ನೆಟ್ಟಗಿರುವ ಮರದ ಹಲಗೆ, ಒಂದು ಟೇಪು, ಒಂದು ತೂಗುಗುಂಡು, ಸಮತಟ್ಟಾದ ಸಿಮೆಂಟ್ ನೆಲ. ಒಂದು ಹಲಗೆಯನ್ನು ಬೈಕಿನ ಎರಡೂ ಚಕ್ರಕ್ಕೆ ಒತ್ತಿ ಇಡಬೇಕು, ಇನ್ನೊಂದನ್ನು ಸೈಡ್‌ಕಾರ್ ಚಕ್ರಕ್ಕೆ. ಎರಡರ ನಡುವಿನ ಅಂತರವನ್ನು ಮುಂದೊಮ್ಮೆ ಹಿಂದೊಮ್ಮೆ ಅಳೆದರೆ ಟೋ-ಇನ್ ಗೊತ್ತಾಯಿತು. ಗೋಡೆ ಕಟ್ಟುವ ಮೇಸ್ತ್ರಿಗೆ ಇರುವ ಕಣ್ಣು ಸಾಕು.

ಇನ್ನೊಂದು ಸೂಕ್ಷ್ಮ ಇದೆ. ಬೈಕಿನ ಹ್ಯಾಂಡಲ್ ತಿರುಗುವ ಅಕ್ಷದಿಂದ ಒಂದು ಗೆರೆಯನ್ನು ನೆಲದವರೆಗೆ ಎಳೆದರೆ, ಅದು ಮುಂದಿನ ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಬೀಳುತ್ತದೆ. ಈ ಅಂತರಕ್ಕೆ ಟ್ರೇಲ್ ಅನ್ನುತ್ತಾರೆ. ಒಂಟಿ ಬೈಕಿಗೆ ಟ್ರೇಲ್ ಬೇಕೇ ಬೇಕು, ಅದರಿಂದಲೇ ಅದು ನೆಟ್ಟಗೆ ಓಡುವುದು. ಆದರೆ ಮೂರು ಚಕ್ರದ ಗಾಡಿ ತಾನಾಗೇ ನಿಲ್ಲುತ್ತದೆ, ಅಷ್ಟು ಟ್ರೇಲ್ ಅದಕ್ಕೆ ಬೇಡ. ಇದ್ದರೆ ಹ್ಯಾಂಡಲ್ ತಿರುಗಿಸುವಷ್ಟರಲ್ಲಿ ಹೆಗಲು ಬಿದ್ದು ಹೋಗುತ್ತದೆ. ರಷ್ಯಾದ ಉರಲ್ ಗಾಡಿಗಳಲ್ಲಿ ಮುಂದಿನ ಫೋರ್ಕನ್ನೇ ಬೇರೆ ಥರ ಮಾಡಿರುತ್ತಾರೆ, ಟ್ರೇಲ್ ಕಡಿಮೆಯಾಗಲಿ ಅಂತ. ಇವತ್ತಿಗೂ ಹಳೇ ಶೈಲಿಯ ಸೈಡ್‌ಕಾರ್ ಬೈಕನ್ನು ಕಾರ್ಖಾನೆಯಲ್ಲೇ ಜೋಡಿಸಿ ಮಾರುವ ಕಂಪನಿ ಅದು. 749 ಸಿಸಿ, ಎರಡು ಸಿಲಿಂಡರ್ ಅಡ್ಡಡ್ಡ ಮಲಗಿದ ಇಂಜಿನ್ನು, 41 ಅಶ್ವಶಕ್ತಿ, ನಾಲ್ಕು ಗೇರಿನ ಜೊತೆಗೆ ಒಂದು ರಿವರ್ಸ್, ಮೂರೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಕೆಲವು ಮಾಡೆಲ್‌ಗಳಲ್ಲಿ ಕೆಸರಿಗೆ ಸಿಕ್ಕಿದಾಗ ಸೈಡ್‌ಕಾರಿನ ಚಕ್ರಕ್ಕೂ ಇಂಜಿನ್ನಿನ ಶಕ್ತಿ ಕೊಡಬಹುದು. ಮೂಲ ಜರ್ಮನಿಯ ಬಿಎಂಡಬ್ಲ್ಯೂ ಆರ್71. ಸೋವಿಯತ್ ಒಕ್ಕೂಟ ಅದನ್ನು ನಕಲು ಮಾಡಿ ಎಂ72 ಅಂತ ಕರೆಯಿತು, ಅದರ ವಂಶ ಇದು.

ಉರಲ್ ತರಿಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಅದರ ದುಡ್ಡಿಗೆ ಒಳ್ಳೆಯ ಕಾರೇ ಬರುತ್ತದೆ. ಮೇಲಾಗಿ ಬಲಗಡೆ ಓಡುವ ದೇಶದ ಗಾಡಿಯಾದ್ದರಿಂದ ತೊಟ್ಟಿಲು ಬಲಕ್ಕಿರುತ್ತದೆ, ನಮ್ಮಲ್ಲಿ ಅಜ್ಜಿಯನ್ನು ಎದುರು ಬರುವ ಲಾರಿಯ ಕಡೆ ಕೂರಿಸಿದ ಹಾಗಾಗುತ್ತದೆ. ಆದರೆ ಅದರಿಂದ ಕಲಿಯಬೇಕಾದ ಮೂರು ವಿಷಯ ಇವೆ. ಮೂರನೇ ಚಕ್ರಕ್ಕೂ ಬ್ರೇಕ್ ಇರಬೇಕು, ರಿವರ್ಸ್ ಇರಬೇಕು, ಫ್ರೇಮ್ ಸೈಡ್‌ಕಾರಿಗಾಗಿಯೇ ಕಟ್ಟಿದ್ದಾಗಿರಬೇಕು. ಆ ಕಾಲದ ಬಿಎಸ್‌ಎ ಫ್ರೇಮಿನಲ್ಲಿ ಸೈಡ್‌ಕಾರ್ ಬೋಲ್ಟ್ ಹಾಕಲು ಕಿವಿಗಳೇ ಇದ್ದವು. ಈಗಿನ ಬೈಕುಗಳಲ್ಲಿ ಇಲ್ಲ. ತೆಳ್ಳನೆಯ ಪೈಪಿಗೆ ಎಲ್ಲೆಂದರಲ್ಲಿ ವೆಲ್ಡ್ ಹೊಡೆದು ತೊಟ್ಟಿಲು ನೇತುಹಾಕಿದರೆ ಒಂದು ದಿನ ಪೈಪ್ ಸೀಳುತ್ತದೆ. ಬೈಕಿನ ಕೆಳಗೆ ಒಂದು ಉಪ ಫ್ರೇಮ್ ಹಾಕಿ, ನಾಲ್ಕು ಕಡೆ ಬೋಲ್ಟ್ ಮಾಡಿ, ಭಾರ ಹಂಚಬೇಕು.

ಸಿನಿಮಾದಲ್ಲಿ ಸೈಡ್‌ಕಾರ್ ಬೈಕಿನಿಂದ ಕಳಚಿಕೊಂಡು ತನ್ನ ಪಾಡಿಗೆ ಬೇರೆ ದಾರಿ ಹಿಡಿದು ಮತ್ತೆ ಬಂದು ಸೇರಿಕೊಳ್ಳುತ್ತದಲ್ಲ, ಅದನ್ನು ನೋಡಿ ಬೆಳೆದವರು ನಾವು. ಒಂದೇ ಚಕ್ರದ ತೊಟ್ಟಿಲು ಹಾಗೆ ಒಂಟಿಯಾಗಿ ಓಡಲಾರದು, ಮಗ್ಗುಲಿಗೆ ಬೀಳುತ್ತದೆ. ಅದು ಸಿನಿಮಾದವರ ಕೈಚಳಕ. ನಾಲ್ಕು ಬೋಲ್ಟು ನಿಜಜೀವನದಲ್ಲಿ ಯಾವ ಕಾರಣಕ್ಕೂ ಕಳಚಬಾರದು.

ಓಡಿಸುವುದು ಸುಲಭವೇ? ಅಲ್ಲ. ಮದ್ದೂರಿನ ಕಡೆ ಒಬ್ಬರ ಬಳಿ ಇರುವ ಹಳೇ ಬುಲೆಟ್–ಸೈಡ್‌ಕಾರನ್ನು ನಾನು ಅರ್ಧ ಗಂಟೆ ಓಡಿಸಿದ್ದೇನೆ, ಪಕ್ಕದಲ್ಲಿ ಅವರು ಕೂತಿದ್ದರು. ಬೈಕ್ ಓಡಿಸಿ ಗೊತ್ತಿರುವುದು ಇಲ್ಲಿ ಅನುಕೂಲಕ್ಕಿಂತ ತೊಂದರೆಯೇ ಹೆಚ್ಚು. ಬೈಕನ್ನು ವಾಲಿಸಿ ತಿರುಗಿಸುತ್ತೇವೆ, ಇದು ವಾಲುವುದೇ ಇಲ್ಲ, ಹ್ಯಾಂಡಲ್ಲನ್ನು ಕಾರಿನ ಸ್ಟೇರಿಂಗಿನ ಹಾಗೆ ತಿರುಗಿಸಬೇಕು. ಎಡ ತಿರುವಿನಲ್ಲಿ ಸ್ವಲ್ಪ ವೇಗ ಹೆಚ್ಚಾದರೂ ಮೂರನೇ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಖಾಲಿ ತೊಟ್ಟಿಲು ಇದ್ದರಂತೂ ಬೇಗ ಏಳುತ್ತದೆ, ಅದಕ್ಕೇ ಒಬ್ಬರೇ ಹೋಗುವಾಗ ಅದರೊಳಗೆ ಮರಳಿನ ಮೂಟೆ ಇಡುವುದು ಹಳಬರ ರೂಢಿ. ಹತ್ತು ನಿಮಿಷ ಕಳೆದ ಮೇಲೆ ಕೈಗೆ ಲಯ ಸಿಕ್ಕಿತು. ಗಂಟೆಗೆ 40 ಕಿಲೋಮೀಟರ್ ಓಟದಲ್ಲಿ ಅದು ಎತ್ತಿನಗಾಡಿಯಷ್ಟು ಸಮಾಧಾನದ ವಾಹನ. 70ಕ್ಕೆ ಹೋದರೆ ನನ್ನ ಜವಾಬ್ದಾರಿ ಅಲ್ಲ ಅಂತ ಮಾಲೀಕರು ಮೊದಲೇ ಹೇಳಿದ್ದರು. ಆಸ್ಪತ್ರೆಗೆ ಹೋಗಿ ಬರುವ ಹದಿನೈದು ಕಿಲೋಮೀಟರಿಗೆ 40 ಸಾಲದೇ?

ಈಗ ಕಾನೂನಿಗೆ ಬರೋಣ. ನನಗೆ ಸಿಟ್ಟು ಬರುವುದು ಇಲ್ಲೇ. 1988ರ ಮೋಟಾರು ವಾಹನ ಕಾಯ್ದೆಯ ಎರಡನೇ ಕಲಮಿನಲ್ಲಿ ಮೋಟಾರ್ ಸೈಕಲ್ ಅಂದರೆ ಏನು ಅಂತ ಬರೆದಿದೆ. ಎರಡು ಚಕ್ರದ ಮೋಟಾರು ವಾಹನ, ಅದಕ್ಕೆ ಜೋಡಿಸಿದ, ಬಿಚ್ಚಬಹುದಾದ, ಹೆಚ್ಚುವರಿ ಚಕ್ರ ಇರುವ ಸೈಡ್‌ಕಾರೂ ಸೇರಿ. ಅಂದರೆ ಸೈಡ್‌ಕಾರ್ ಕಾನೂನಿನ ಕಣ್ಣಿಗೆ ಹೊಸದಲ್ಲ, ವ್ಯಾಖ್ಯಾನದಲ್ಲೇ ಕೂತಿದೆ. ಆದರೆ ಅದೇ ಕಾಯ್ದೆಯ 128ನೇ ಕಲಮು, ಎರಡು ಚಕ್ರದ ಮೋಟಾರ್ ಸೈಕಲ್‌ನಲ್ಲಿ ಸವಾರನ ಜೊತೆ ಒಬ್ಬರಷ್ಟೇ, ಅದೂ ಸವಾರನ ಹಿಂದಿನ ಸೀಟಿನಲ್ಲೇ ಕೂರಬೇಕು ಅನ್ನುತ್ತದೆ. ಹಾಗಾದರೆ ಸೈಡ್‌ಕಾರಿನಲ್ಲಿ ಕೂತವರು ಯಾರು? ಅವರು ಸವಾರನ ಹಿಂದೆ ಇಲ್ಲವಲ್ಲ, ಪಕ್ಕದಲ್ಲಿದ್ದಾರೆ. ಹೆಲ್ಮೆಟ್ ಕುರಿತ 129ನೇ ಕಲಮು ಮೊದಲು ಇನ್ನೂ ಸ್ವಾರಸ್ಯವಾಗಿತ್ತು. ಸೈಡ್‌ಕಾರಿನಲ್ಲಿ ಕೂತವರನ್ನು ಬಿಟ್ಟು ಉಳಿದವರು ಹೆಲ್ಮೆಟ್ ಹಾಕಬೇಕು ಅಂತ ಬರೆದಿದ್ದರು. 2019ರ ತಿದ್ದುಪಡಿಯಲ್ಲಿ ಆ ಕಲಮನ್ನು ಹೊಸದಾಗಿ ಬರೆದಾಗ ಆ ವಿನಾಯಿತಿ ಹೋಯಿತು. ಹೋಗಿದ್ದು ಒಳ್ಳೆಯದೇ, ತಲೆ ಎಲ್ಲಿದ್ದರೂ ತಲೆಯೇ. ಆದರೆ ಸೈಡ್‌ಕಾರಿನಲ್ಲಿ ಕೂರುವವರ ಬಗ್ಗೆ ನೇರವಾಗಿ ಏನಾದರೂ ಹೇಳುತ್ತಿದ್ದ ಆ ಒಂದು ಸಾಲೂ ಅದರ ಜೊತೆ ಹೋಯಿತು.

ಇನ್ನು 52ನೇ ಕಲಮು. ಕಂಪನಿ ಹೇಗೆ ಮಾಡಿ ಕೊಟ್ಟಿದೆಯೋ ಅದರ ಮೂಲ ವಿವರ ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಚಿತವಾಗಿ ಹೇಳಿತು. ತತ್ವ ಸರಿ. ಲಾರಿಯ ಚಾಸಿಸ್ಸನ್ನು ಮನಸ್ಸಿಗೆ ಬಂದ ಹಾಗೆ ಉದ್ದ ಮಾಡಿ ಜನರನ್ನು ಕೊಲ್ಲುವುದನ್ನು ತಡೆಯಲೇಬೇಕು. ಆದರೆ ಅದೇ 2019ರ ತಿದ್ದುಪಡಿ ‘ಅಡಾಪ್ಟೆಡ್ ವೆಹಿಕಲ್’ ಅಂತ ಒಂದು ಬಾಗಿಲನ್ನೂ ತೆರೆದಿದೆ. ಅಂಗವಿಕಲತೆ ಇರುವವರ ಬಳಕೆಗೆ ಗಾಡಿಯನ್ನು ಬದಲಾಯಿಸಿಕೊಂಡು, ಆಮೇಲೆ ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆಯಬಹುದು. ನಮ್ಮಲ್ಲಿ ಈ ಬಾಗಿಲಿನಿಂದ ಒಳಗೆ ಬರುತ್ತಿರುವುದು ಹೆಚ್ಚಾಗಿ ಒಂದೇ ಥರದ ಗಾಡಿ, ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ಎರಡು ಚಿಕ್ಕ ಚಕ್ರ ಹಾಕಿದ ಸ್ಕೂಟರ್. ಸರ್ಕಾರ ಹಂಚುವುದೂ ಅದನ್ನೇ. ತಾನೇ ಓಡಿಸಬಲ್ಲ ಅಂಗವಿಕಲರಿಗೆ ಅದು ದೊಡ್ಡ ಸ್ವಾತಂತ್ರ್ಯ, ಅದರಲ್ಲಿ ಎರಡು ಮಾತಿಲ್ಲ. ಓಡಿಸಲಾರದವರಿಗೆ, ಲಕ್ವ ಹೊಡೆದವರಿಗೆ, ಮಂಡಿ ಮಡಚಲಾಗದ ವಯಸ್ಸಾದವರಿಗೆ, ಬೆನ್ನು ನಿಲ್ಲದ ಮಗುವಿಗೆ ಅದು ಏನು ಮಾಡೀತು? ಅವರು ಕಾಲು ಚಾಚಿ, ಬೆನ್ನು ಒರಗಿಸಿ, ಪಟ್ಟಿ ಕಟ್ಟಿಕೊಂಡು ಕೂರುವ ಜಾಗ ಸೈಡ್‌ಕಾರ್ ಒಂದೇ.

ಆದ್ದರಿಂದ ನಾನು ಕೇಳುವುದು ಇಷ್ಟು. ಹೆಚ್ಚು ಮಾರಾಟವಾಗುವ ನಾಲ್ಕೈದು ಬೈಕುಗಳಿಗೆ ಹೊಂದುವ ಸೈಡ್‌ಕಾರ್ ಕಿಟ್‌ಗಳನ್ನು ಪುಣೆಯ ಎಆರ್‌ಎಐ ತರಹದ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಒಪ್ಪಿಗೆ ಕೊಡಲಿ. ಉಪ ಫ್ರೇಮ್, ಮೂರನೇ ಚಕ್ರದ ಬ್ರೇಕ್, ಸೀಟ್ ಬೆಲ್ಟ್, ದೀಪ, ಇಷ್ಟರ ಅಳತೆ ನಿಗದಿಯಾಗಲಿ. ಆಮೇಲೆ ಅದನ್ನು ಜೋಡಿಸುವ ಕೆಲಸ ತಾಲ್ಲೂಕಿನ ಗ್ಯಾರೇಜಿಗೇ ಬಿಡಲಿ. ರಾಮನಗರದ ಆರ್‌ಟಿಒ ಕಚೇರಿಯಲ್ಲಿ ಅದನ್ನು ನೋಡಿ, ಹಲಗೆ ಇಟ್ಟು ಅಳೆದು, ಆರ್‌ಸಿಯಲ್ಲಿ ಬರೆದು ಕೊಡಲಿ. ನಮ್ಮದು ಬೈಕ್ ಮಾಡಲು ಬಾರದ ನಾಡೇನೂ ಅಲ್ಲ. ಇದೇ ರಸ್ತೆಯ ಆ ತುದಿಯಲ್ಲಿ, ಮೈಸೂರಿನಲ್ಲಿ, ಐಡಿಯಲ್ ಜಾವಾ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ಮಾಡಿ ದೇಶಕ್ಕೆಲ್ಲ ಕಳಿಸಿತು.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಎಲೆಕ್ಟ್ರಿಕ್ ಆಟೊ ಬಂದಿದೆ, ಹಳೇ ಕಾಲದ್ದು ಯಾಕೆ ಅನ್ನುತ್ತಾರೆ. ಎಲೆಕ್ಟ್ರಿಕ್ ಬೈಕಿಗೂ ಸೈಡ್‌ಕಾರ್ ಹಾಕಬಹುದು. ಮೋಟರ್ ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುವುದರಿಂದ ಅದಕ್ಕೆ ಇನ್ನೂ ಚೆನ್ನಾಗಿ ಒಗ್ಗುತ್ತದೆ, ರಿವರ್ಸ್ ಕೂಡ ಸಲೀಸು. ಅಪಾಯ ಅಲ್ಲವೇ ಅನ್ನುತ್ತಾರೆ. ಅಪಾಯವೇ, ಕಾರಿಗೆ ಹೋಲಿಸಿದರೆ. ಆದರೆ ಹೋಲಿಸಬೇಕಾದದ್ದು ಕಾರಿನ ಜೊತೆ ಅಲ್ಲ, ಟವೆಲ್ಲಿನಲ್ಲಿ ಕಟ್ಟಿದ ದೊಡ್ಡಮ್ಮನ ಜೊತೆ. ಜನ ದುರುಪಯೋಗ ಮಾಡುತ್ತಾರೆ, ತೊಟ್ಟಿಲಲ್ಲಿ ನಾಲ್ಕು ಜನ ಕೂರುತ್ತಾರೆ ಅನ್ನುತ್ತಾರೆ. ಕೂರಬಹುದು, ಈಗ ಬೈಕಿನ ಮೇಲೇ ನಾಲ್ಕು ಜನ ಕೂತಿಲ್ಲವೇ? ಈ ಮೂರನೇ ಆಕ್ಷೇಪಕ್ಕೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ತೊಟ್ಟಿಲನ್ನೇ ಒಬ್ಬರ ಅಳತೆಗೆ ಮಾಡಬೇಕು ಅಂತ ಮಾತ್ರ ಹೇಳಬಲ್ಲೆ.

ರಸ್ತೆಯ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. 2023ರ ಮಾರ್ಚ್ 12ಕ್ಕೆ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಆ ವರ್ಷದ ಆಗಸ್ಟ್ 1ರಿಂದ ಬೈಕ್, ಸ್ಕೂಟರ್, ಆಟೊ, ಟ್ರಾಕ್ಟರ್‌ಗಳಿಗೆ ಪ್ರವೇಶ ಇಲ್ಲ. ಸೈಡ್‌ಕಾರ್ ಕಾನೂನಿನಲ್ಲಿ ಮೋಟಾರ್ ಸೈಕಲ್ಲೇ ಆದ್ದರಿಂದ ಅದಕ್ಕೂ ಇಲ್ಲ. ಎಂವೈಬಿ 3047 ಇವತ್ತು ರಾಮನಗರಕ್ಕೆ ಬಂದರೂ ಸರ್ವಿಸ್ ರಸ್ತೆಯಲ್ಲೇ ಬರಬೇಕು. ನಾನು ಈ ನಿಷೇಧವನ್ನು ವಿರೋಧಿಸುವುದಿಲ್ಲ, ಗಂಟೆಗೆ ನೂರರಲ್ಲಿ ಬರುವ ಕಾರಿನ ಮುಂದೆ 40ರ ಗಾಡಿ ಇರಬಾರದು. ಆದರೆ ಆಗ ಸರ್ವಿಸ್ ರಸ್ತೆಯೇ ನಮ್ಮ ಹೆದ್ದಾರಿ. ಅದು ಗುಂಡಿ ಇಲ್ಲದೆ, ಅಲ್ಲಲ್ಲಿ ಕಡಿದು ಹೋಗದೆ ಇರಬೇಕು. ಒಂಟಿ ಬೈಕ್ ಗುಂಡಿಯನ್ನು ಬಳಸಿಕೊಂಡು ಹೋಗುತ್ತದೆ. ಮೂರು ಚಕ್ರ ಎರಡು ಗೆರೆಯಲ್ಲಿ ಓಡುವ ಗಾಡಿ ಒಂದಲ್ಲ ಒಂದು ಚಕ್ರವನ್ನು ಗುಂಡಿಗೆ ಇಳಿಸಿಯೇ ಇಳಿಸುತ್ತದೆ. ಬೈಪಾಸ್ ಆದ ಮೇಲೆ ಕಾರುಗಳು ಚನ್ನಪಟ್ಟಣದ ಊರೊಳಗೆ ಬರುವುದು ಕಡಿಮೆಯಾಗಿ ಹಳೇ ರಸ್ತೆಯ ಬೊಂಬೆ ಅಂಗಡಿಗಳು ನೊಣ ಹೊಡೆಯುತ್ತಿವೆ. ಈಗ ಅವುಗಳ ಮುಂದೆ ಹಾದು ಹೋಗುವವರಲ್ಲಿ ದ್ವಿಚಕ್ರದವರೇ ಜಾಸ್ತಿ. ಅವರಿಗೆ ದೊಡ್ಡ ಬೊಂಬೆ ಕೊಳ್ಳುವ ಆಸೆ ಇದ್ದರೂ ಇಟ್ಟುಕೊಳ್ಳಲು ಜಾಗ ಇರುವುದಿಲ್ಲ. ಇದು ತಮಾಷೆಗೆ ಹೇಳಿದ್ದಲ್ಲ, ಅಂಗಡಿಯವರೊಬ್ಬರು ನನಗೆ ಹೇಳಿದ್ದು.

ಕಿಟ್ಟು, ಪರೀಕ್ಷೆ, ಒಪ್ಪಿಗೆ ಎಲ್ಲ ಬರುವವರೆಗೆ ಕಾಯಲಾರದೆ ಯಾರಾದರೂ ಹಳೇ ಸೈಡ್‌ಕಾರ್ ಹುಡುಕಿಕೊಂಡು ಹೊರಟರೆ, ದುಡ್ಡು ಕೊಡುವ ಮೊದಲು ಆರ್‌ಸಿಯಲ್ಲಿ ಸೈಡ್‌ಕಾರ್ ನಮೂದಾಗಿದೆಯೇ ನೋಡಿ, ಇಲ್ಲದಿದ್ದರೆ ಬೇಡ. ಇನ್ಶೂರೆನ್ಸ್ ಕಾಗದದಲ್ಲೂ ಅದರ ಹೆಸರಿರಬೇಕು. ಬೈಕಿನ ಫ್ರೇಮಿಗೆ ಬೋಲ್ಟ್ ಸೇರುವ ನಾಲ್ಕೂ ಜಾಗದ ಬಣ್ಣ ಕೆರೆದು ಬಿರುಕು ಇದೆಯೇ ಹುಡುಕಿ. ಹಿಂದಿನ ಟೈರ್ ಒಂದೇ ಮಗ್ಗುಲಿಗೆ ಸವೆದಿದ್ದರೆ ಅಳತೆ ತಪ್ಪಿದೆ ಅಂತ ಅರ್ಥ, ಹಲಗೆ ಇಟ್ಟು ಸರಿ ಮಾಡಿಸಿ. ತಂದ ಮೊದಲ ದಿನ ತೊಟ್ಟಿಲಿಗೆ 50 ಕೆ.ಜಿ. ಮರಳು ಹಾಕಿಕೊಂಡು ಖಾಲಿ ಮೈದಾನಕ್ಕೆ ಹೋಗಿ, ಬರೀ ಎಡ ತಿರುವನ್ನೇ ಒಂದು ಗಂಟೆ ಅಭ್ಯಾಸ ಮಾಡಿ. ಮನೆಯವರನ್ನು ಕೂರಿಸಿಕೊಳ್ಳುವುದು ಆಮೇಲೆ.